ಕ್ಯೂಬಾದ ಕಬ್ಬು, ಹುಣಸಗಿಯ ನಾಟಿ

ಇವತ್ತು ಶಹಾಪುರದ ರಸ್ತೆಯಲ್ಲಿ ಭತ್ತದ ಸಸಿ ತುಂಬಿದ ಗಾಡಿಯೊಂದು ಪಕ್ಕದಲ್ಲೇ ಹಾದುಹೋಯಿತು. ಆ ಹಸಿ ಕೆಸರಿನ ವಾಸನೆ ನನ್ನನ್ನು ಏಳನೇ ಕ್ಲಾಸಿಗೆ ಎಳೆದೊಯ್ದಿತು.

ಹುಣಸಗಿ ಕಡೆ ಕಾಲುವೆ ನೀರು ಬಂದ ಹೊಸತು. ನಾಟಿಯೆಲ್ಲ ಗುತ್ತಿಗೆ ಕೆಲಸ, ನೆಟ್ಟಷ್ಟೇ ಕೂಲಿ; ಹಾಗಾಗಿ ಅವ್ವ ನನ್ನನ್ನೂ ಗದ್ದೆಗೆ ಕರೆದೊಯ್ಯುತ್ತಿದ್ದಳು. ಭೂಗೋಳದ ಮಾಸ್ತರರು ಮಧ್ಯಾಹ್ನ ಕಾಲುವೆ ದಂಡೆಗೆ ಬಂದು, ನಾನು ರೊಟ್ಟಿ ತಿನ್ನುವಷ್ಟರಲ್ಲಿ ಪಾಠ ಹೇಳಿ ಹೋಗುತ್ತಿದ್ದರು. ಪಟ್ಟಿಯಿಂದ ಹೆಸರು ಹೊಡೆದುಹಾಕಿದರೆ ನಾನು ಮತ್ತೆ ಶಾಲೆಗೆ ಬರುವುದಿಲ್ಲವೆಂಬ ಭಯಕ್ಕೆ ಹಾಜರಿಯನ್ನೂ ಹಾಕುತ್ತಿದ್ದರು.

ಒಂದು ದಿನ ನಾನು ಶಾಲೆಗೆ ಹೋಗಿದ್ದಾಗಲೇ ತಪಾಸಣೆಗೆ ಬಂದ ಸಾಹೇಬರು ಹಾಜರಿ ಪುಸ್ತಕ ನೋಡಿದರು. ಆಮೇಲೆ ಕೆಸರು ಕಚ್ಚಿದ ನನ್ನ ಉಗುರು ನೋಡಿದರು.

"ಈಕಿ ದಿನಾ ಬರ್ತಾಳೇನ್ರಿ?"

ಮಾಸ್ತರರು ಬೆವರಿದರು. ಸಾಹೇಬರು ನನ್ನತ್ತ ತಿರುಗಿದರು. "ಕ್ಯೂಬಾದ ಪೂರ್ವ ಪ್ರಾಂತ್ಯದ ಬಗ್ಗೆ ಹೇಳು." ಅದು ಕಾಲುವೆ ದಂಡೆಯಲ್ಲಿ ಕೇಳಿದ್ದ ಪಾಠವೇ.

"ಗುಡ್ಡ ಅದಾವ್ರಿ, ಕಾಫಿ ಬೆಳೀತಾರ್ರಿ. ಬಯಲಾಗ ಕಬ್ಬು. ಅದನ್ನ ಕಡಿಯಾಕ ಬ್ಯಾರೆ ದ್ವೀಪದ ಬಡವ್ರು ಬರ್ತಿದ್ರು."

"ಅವರ ಮಕ್ಕಳು ಸಾಲಿಗೆ ಹೋಗ್ತಿದ್ರೇನು?"

ಅದು ಪಾಠದಲ್ಲಿರಲಿಲ್ಲ. "ಹೆಂಗ ಹೋಗ್ತಾರ್ರಿ? ನಾಟಿ ಇದ್ದಾಗ ನಾನೂ ಬರಂಗಿಲ್ರಿ," ಎಂದುಬಿಟ್ಟೆ.

ಮಾಸ್ತರರ ನೌಕರಿ ನನ್ನಿಂದಲೇ ಹೋಯಿತು ಅಂದುಕೊಂಡೆ. ಸಾಹೇಬರು ಏನನ್ನೂ ಬರೆಯದೆ ಮೆಲ್ಲಗೆ ಹಾಜರಿ ಪುಸ್ತಕ ಮುಚ್ಚಿದರು.

"ನಡ್ರಿ ಮಾಸ್ತರ್, ಇವರವ್ವನ್ನ ತೋರಸ್ರಿ."

ಗದ್ದೆಯ ಬದುವಿನಲ್ಲಿ ನಿಂತು ಅವರೇನು ಹೇಳಿದರೋ ನನಗೆ ತಿಳಿಯಲಿಲ್ಲ. ಸಂಜೆ ಅವ್ವ, "ನಾಳಿಂದ ನೀ ಗದ್ದಿಗೆ ಬರಬ್ಯಾಡ," ಎಂದಷ್ಟೇ ಅಂದಳು.

ಅಂದಿನಿಂದ ನನ್ನ ಪಾಲಿನ ಸಾಲುಗಳನ್ನೂ ಅವ್ವನೇ ನೆಟ್ಟಳೆಂದು ಅವಳ ಜೊತೆಗಾರ್ತಿಯೊಬ್ಬಳು ಹೇಳಿದ್ದು ಮೊನ್ನೆ. ಇವತ್ತು ಮನೆಗೆ ಬಂದು ಅವ್ವನನ್ನೇ ಕೇಳಿದೆ.

"ಅದೆಲ್ಲಾ ಯಾರಿಗೆ ನೆನಪೈತಿ," ಎಂದು ಅವಳು ಮುಖ ತಿರುಗಿಸಿದಳು.