ಊಟ ಆಯಿತೇ ಎಂದು ಕೇಳದ ಚಳಿಗಾಲ

ಅನಘಾ, ಸುಮಂತ, ನಿನ್ನೆ ನಿಮ್ಮಮ್ಮ ಚೀನೀ ಅಂಗಡಿಯಿಂದ ಎಳ್ಳೆಣ್ಣೆಯ ಬಾಟಲಿ ತಂದಳು. ಮುಚ್ಚಳ ತೆಗೆದ ಕೂಡಲೇ ಅಡುಗೆಮನೆಯ ತುಂಬ ಹುರಿದ ಎಳ್ಳಿನ ವಾಸನೆ. ಸ್ಕಾರ್‌ಬರೋದ ಇಂಗ್ಲಿಷ್ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಚೀನಾದ ಅಕ್ಕನ ಡಬ್ಬಿಯ ವಾಸನೆ ಅದು...

ನಿಮ್ಮಜ್ಜ ತೀರಿಕೊಂಡ ಮೇಲೆ ನಿಮ್ಮಪ್ಪ ನನ್ನನ್ನು ಆ ಕ್ಲಾಸಿಗೆ ಸೇರಿಸಿದ. ಊರಲ್ಲಿ ಏಳನೇ ಇಯತ್ತೆ ಓದಿದವಳು ನಾನು. ಹೆಸರು ಹೇಳೆಂದರೂ ತಲೆ ತಗ್ಗಿಸುತ್ತಿದ್ದೆ. ಆ ಅಕ್ಕ ಮಾತ್ರ ದಿನವೂ ನಾನು ಕೂರುವ ಮೊದಲೇ ಕೇಳುತ್ತಿದ್ದರು, "ಸಿಸ್ಟರ್, ಈಟ್ ಆಲ್ರೆಡಿ?" ನಮ್ಮ ಕಡೆ "ಊಟಾತೇನ್ರಿ" ಅನ್ನುವುದಿಲ್ಲವೇ, ಹಾಗೆ. ಅವರ ಊರಲ್ಲೂ ಕಂಡವರನ್ನು ಹೀಗೆಯೇ ಮಾತಾಡಿಸುತ್ತಾರಂತೆ. ಈ ದೇಶದಲ್ಲಿ ನನ್ನ ಊಟ ವಿಚಾರಿಸಿದ ಹೊರಗಿನವರು ಅವರೊಬ್ಬರೇ. ನನ್ನ ಕಟಕ್ ರೊಟ್ಟಿಯ ಸದ್ದಿಗೆ ನಗುತ್ತಿದ್ದರು: "ಅಯ್ಯೋ, ಯುವರ್ ಟೀತ್ ವೆರಿ ಸ್ಟ್ರಾಂಗ್!" ಆ "ಅಯ್ಯೋ" ನನ್ನಿಂದ ಕಲಿತದ್ದು.

ಟೀಚರಮ್ಮ ಇಲ್ಲಿಯೇ ಹುಟ್ಟಿ ಬೆಳೆದವರು. ಒಂದು ದಿನ ಮೆತ್ತಗೆ ತಿದ್ದಿದರು: ಹಾಗೆ ಕೇಳಿದರೆ ಇಲ್ಲಿಯವರು ಊಟಕ್ಕೆ ಕರೆದಿರೆಂದು ತಿಳಿಯುತ್ತಾರೆ, "ಹೌ ಆರ್ ಯೂ" ಅನ್ನಿ. ಅವರು ಹೇಳಿದ್ದು ತಪ್ಪಲ್ಲ. ಅಕ್ಕನ ಮುಖ ಕೆಂಪಾಯಿತು. ಮರುದಿನದಿಂದ ನಾವಿಬ್ಬರೂ "ಹೌ ಆರ್ ಯೂ" ಎಂದೇ ಕೇಳತೊಡಗಿದೆವು. ಅಕ್ಕನದು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದೇ ಉತ್ತರ: "ಫೈನ್, ಥ್ಯಾಂಕ್ ಯೂ. ಆ್ಯಂಡ್ ಯೂ?" ಟೀಚರಮ್ಮ "ಫೈನ್" ಅಂದರೆ ಸುಖವೋ ಬೇಸರವೋ ದನಿಯಲ್ಲೇ ಗೊತ್ತಾಗುತ್ತಿತ್ತು. ನಮ್ಮಿಬ್ಬರ "ಫೈನ್" ಯಾವಾಗಲೂ ಒಂದೇ ದನಿಯದು.

ಆ ಚಳಿಗಾಲದಲ್ಲಿ ಅಕ್ಕನ ಕೋಟು ಸಡಿಲವಾಗುತ್ತ ಬಂತು. ಡಬ್ಬಿ ತರುವುದನ್ನು ಬಿಟ್ಟರು. "ಹೌ ಆರ್ ಯೂ" ಅಂದೆ. "ಫೈನ್, ಥ್ಯಾಂಕ್ ಯೂ." ಊಟದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಟೀಚರಮ್ಮ ಅಲ್ಲೇ ನಿಂತಿದ್ದರು, ನಾಚಿ ಸುಮ್ಮನಾದೆ.

ಹಿಮ ಕರಗುವ ಹೊತ್ತಿಗೆ ಅವರ ಮಗಳು ಬಂದು ತಾಯಿಯ ಪುಸ್ತಕಗಳನ್ನು ಒಯ್ದಳು. ಅಕ್ಕ ತೀರಿಕೊಂಡಿದ್ದರು, ಹೊಟ್ಟೆಯ ಕ್ಯಾನ್ಸರ್. ತಿಂಗಳುಗಟ್ಟಲೆ ಅನ್ನ ಇಳಿದಿರಲಿಲ್ಲವಂತೆ.

"ಅಮ್ಮ ನಮಗೂ ಹೇಳಲಿಲ್ಲ, ಆಂಟಿ. ನಿಮಗೇನಾದರೂ ಹೇಳಿದ್ದರಾ?"

ಇಲ್ಲವೆಂದು ತಲೆಯಾಡಿಸಿದೆ. ನಾನು ಕೇಳಿರಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ಕೇಳಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ದೇವರೇ ಬಲ್ಲ... ಒಬ್ಬರ ಹತ್ತಿರವಾದರೂ ಹೇಳಿಕೊಳ್ಳುತ್ತಿದ್ದರು. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗಷ್ಟೇ ಬರೆದಿದ್ದೇನೆ. ಕನ್ನಡ ಕೇಳಿದರೆ ನಿಮಗೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಓದಿ ಹೇಳುವವರು ಸಿಗುವ ತನಕ ಈ ಹಾಳೆಗಳನ್ನು ಎಸೆಯಬೇಡಿ, ಮಕ್ಕಳೇ.