ನೊಣ ಸುಳಿಯದ ಅಂಗಡಿ

ಅಪ್ಪನ ಬಾಯಲ್ಲಿ ನಾನು ಕೇಳಿದ ಮೊದಲ ಬೈಗುಳ, "ನೊಣಾ ಹೊಡಕೋಂತ ಕುಂದರಬ್ಯಾಡ ಲೇ." ಆ ಮಾತಿಗೆ ಹೆದರಿಯೇ ಹೊಲಿಗೆ ಕಲಿತೆ, ಚಿಕ್ಕೋಡಿಯ ಪೇಟೆಯಲ್ಲಿ ಅಂಗಡಿ ಇಟ್ಟೆ. ಅಂದಿನಿಂದ ಮಷಿನ್ ಬಿಟ್ಟು ತಲೆ ಎತ್ತಿದವನಲ್ಲ.

ಎದುರಿಗೆ ಗಡಿಯಾರ ರಿಪೇರಿಯವನ ಅಂಗಡಿ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗಿರಾಕಿಗಳು ಅತ್ತ ಹಾಯುವುದಿಲ್ಲ. "ಏನ್ ನಡದೈತ್ರಿ?" ಎಂದರೆ "ಮಾಶಾ ಮಾರತೋಯ್" ಎಂದು ಮರಾಠಿಯಲ್ಲಿ ನಗುತ್ತಾನೆ. ಕೆಲಸವಿಲ್ಲದವನು ಆ ಭಾಷೆಯಲ್ಲೂ ನೊಣವನ್ನೇ ಹೊಡೆಯುತ್ತಾನೆ. ಇವನು ನಿಜಕ್ಕೂ ಹೊಡೆಯುತ್ತಾನೆ, ಮಡಿಚಿದ ಪೇಪರಿನಿಂದ.

ಅಪ್ಪ ಸಂತೆಯ ದಿನ ಕಬ್ಬೂರಿನಿಂದ ಬಸ್ಸಿಗೆ ಬರುತ್ತಾನೆ. ನನ್ನ ಬಾಗಿಲಲ್ಲಿ ನಿಂತು "ನಡೀಲಿ, ನಡೀಲಿ" ಎಂದವನೇ ನೇರ ಎದುರಿಗೆ ಹೋಗುತ್ತಾನೆ. ಸಂಜೆಯ ಬಸ್ಸಿನ ತನಕ ಅಲ್ಲೇ. ಸುಳ್ಳೇಕೆ ಹೇಳಲಿ, ಅವರಿಬ್ಬರ ನಗು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ದುಡಿಯುವ ಮಗ ನಾನು, ಹರಟೆಗೆ ಮಾತ್ರ ಅವನು ಬೇಕು. ಒಮ್ಮೆ ಅದೇ ಉರಿಯಲ್ಲಿ ಅಂಗಿಯೊಂದಕ್ಕೆ ಎರಡೂ ಎಡದ ತೋಳನ್ನೇ ಕತ್ತರಿಸಿಟ್ಟೆ.

ಅವನಲ್ಲಿ ಅಂಥದ್ದೇನಿದೆ ನೋಡೋಣ ಎಂದು, ನಿಂತುಹೋದ ಗೋಡೆ ಗಡಿಯಾರದ ನೆಪ ಮಾಡಿಕೊಂಡು ಹೋದೆ. "ಬರ್ರಿ, ಮೊದಲ ಬಾಯಾಗ ಬೆಲ್ಲಾ ಹಾಕ್ಕೋರಿ" ಎಂದು ಬೆಲ್ಲದ ತಾಟು, ನೀರು ಮುಂದಿಟ್ಟ. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆ ಮನೆಯ ರೂಢಿ. ಅವನು ಅಂಗಡಿಗೂ ತಂದಿದ್ದ. ತಾಟಿನ ಸುತ್ತ ನೊಣ. ಅಪ್ಪನ ಆ ಬೈಗುಳ ಹುಟ್ಟಿದ್ದೇ ಹೀಗಿರಬೇಕು ಅನಿಸಿತು. ಬರುವವರಿಗೆಂದು ಬೆಲ್ಲ ತೆಗೆದಿಟ್ಟು ದಾರಿ ಕಾಯುತ್ತ ಕೂತವನಿಗೇ ನೊಣ ಹೊಡೆಯುವ ಕೆಲಸ. ತಿಳಿದವರು ಒಪ್ಪುತ್ತಾರೋ ಇಲ್ಲವೋ. ನನ್ನ ಅಂಗಡಿಯಲ್ಲಿ ಒಂದು ನೊಣವೂ ಇಲ್ಲ. ಅದನ್ನು ನಾನು ಸ್ವಚ್ಛತೆ ಅಂದುಕೊಂಡಿದ್ದೆ.

ಮರುದಿನವೇ ಬೆಲ್ಲ ತಂದಿಟ್ಟೆ. ಮಷಿನ್ ಪಕ್ಕ ಒಂದು ಕುರ್ಚಿ ಹಾಕಿದೆ. ಸಂತೆಯ ದಿನ ಸಂಜೆ ಅಪ್ಪ ಎದುರಿನ ಅಂಗಡಿಯಿಂದ ಎದ್ದು ಬಂದ, ಕೈಯಲ್ಲಿ ಅಂಗಿಯ ಬಟ್ಟೆ.

"ಕುಂದ್ರು ಅಪ್ಪಾ, ಬೆಲ್ಲಾ ತಗೋ, ಆಮ್ಯಾಲ ಅಳತಿ ತಗೋತೀನಿ" ಎಂದು ಟೇಪು ಹಿಡಿದು ಎದ್ದೆ.

ಅಪ್ಪ ಜೇಬಿನಿಂದ ಚೀಟಿ ತೆಗೆದ. "ನಿನ್ನ ಹೊತ್ತ ಯಾಕ ಹಾಳ ಮಾಡ್ಲಿ ಅಂತ ಅಳತಿ ಆ ಗಡಿಯಾರದಂವನ ಕಡೆನ ತಗಿಸ್ಕೊಂಡ ಬಂದೇನಿ."

ಒಂದಿಂಚಾದರೂ ತಪ್ಪಿರಲಿ ಎಂದು ಬೇಡಿಕೊಳ್ಳುತ್ತಲೇ ಆ ಅಳತೆಗೆ ಹೊಲಿದೆ. ಅಂಗಿ ಅಪ್ಪನ ಮೈಗೆ ಸರಿಯಾಗಿ ಕೂತಿತು.