ಬಾಗಿಲ ಒಳಗಿನ ಎಂಟು

ಜನರೇಟರಿನ ಪಕ್ಕ ಎಂಟು ಗಂಟೆ ಕಾವಲು ಕೂರುವುದು ನನ್ನ ಕೆಲಸವಾಗಿತ್ತು. ಗಲ್ಫಿನ ಅಲ್ ಕೂಜ್‌ನಲ್ಲಿದ್ದ ನಮ್ಮ ಯಾರ್ಡಿನಿಂದ ಜಾಂಬಿಯಾದ ಒಂದು ತಾಮ್ರದ ಗಣಿಗೆ ಡೀಸೆಲ್ ಟ್ಯಾಂಕರು, ಲಾರಿಯ ಬಿಡಿಭಾಗ, ಜನರೇಟರು ಎಲ್ಲ ಹೋಗುತ್ತಿದ್ದವು. ಹಳೆಯ ಜನರೇಟರನ್ನು ರಿಪೇರಿ ಮಾಡಿ, ಪೂರ್ತಿ ಲೋಡು ಕೊಟ್ಟು ಎಂಟು ಗಂಟೆ ಓಡಿಸಬೇಕು. ಅಷ್ಟು ಹೊತ್ತು ಅದು ವಿಪರೀತ ಬಿಸಿಯಾಗದೆ ಓಡಿದರೆ ಮಾತ್ರ ಹಡಗಿಗೆ. ಕಾಗದದ ಮೇಲೆ ಸಹಿ ಯಾರದೋ ಇರುತ್ತಿತ್ತು. ನಾನು ಓಡಿಸಿ ಮುಗಿಸಿದ್ದಕ್ಕೆ ಮಾತ್ರ ಪ್ಯಾನೆಲ್ ಬಾಗಿಲಿನ ಒಳಗಡೆ ಬಿಳಿ ಮಾರ್ಕರಿನಲ್ಲಿ ೮ ಎಂದು ಬರೆಯುತ್ತಿದ್ದೆ. ಇಂಗ್ಲಿಷ್ ಅಂಕೆಯನ್ನು ಯಾರು ಬೇಕಾದರೂ ಗೀಚಬಹುದು, ಕನ್ನಡದ್ದನ್ನು ಈ ಮರಳುಗಾಡಿನಲ್ಲಿ ಯಾರು ಬರೆಯುತ್ತಾರೆ ಎಂಬ ಜಾಣತನ ನನ್ನದು.

ಗಣಿಯಲ್ಲಿ ಅವನ್ನು ಇಳಿಸಿಕೊಳ್ಳುತ್ತಿದ್ದವನು ಅಲ್ಲಿಯವನೇ ಆದ ಒಬ್ಬ ಎಲೆಕ್ಟ್ರಿಷಿಯನ್. ನಾವು ಒಬ್ಬರನ್ನೊಬ್ಬರು ನೋಡಿದ್ದು ಫೋನಿನಲ್ಲಿ ಮಾತ್ರ. ಒಮ್ಮೆ ಅವನು ಆ ಬಾಗಿಲಿನ ಫೋಟೋ ಕಳಿಸಿ, ಇದೇನು ಹುಳುವಿನ ಚಿತ್ರ ಎಂದು ಕೇಳಿದ. ವಿವರಿಸಿದೆ. ಆಮೇಲೆ ಪ್ರತಿ ಸಲ, ನಿನ್ನ ಹುಳು ಬಂದಿದೆ, ಇನ್ನು ನನಗೆ ಚಿಂತೆಯಿಲ್ಲ ಎಂದು ಬರೆಯುತ್ತಿದ್ದ. ನನಗೆ ಅದರಿಂದ ಒಳಗೊಳಗೇ ಹೆಮ್ಮೆ. ಸಂಬಳ ಕೊಡುವವರು ಯಾರೂ ಅಷ್ಟು ಹೇಳಿದ್ದಿಲ್ಲ.

ಯಾರ್ಡಿನ ಸೂಪರ್‌ವೈಸರ್ ಉಡುಪಿ ಕಡೆಯವರು. ಅವರ ಮನೆಮಾತು ತುಳು, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಕನ್ನಡ. ನನಗೆ ವೀಸಾ ಮಾಡಿಸಿಕೊಟ್ಟವರು ಅವರೇ. ನಾನು ಅಣ್ಣ ಎನ್ನುತ್ತಿದ್ದೆ. ರಜೆಯ ದಿನ ಮಿರ್ದಿಫ್‌ನ ಅವರ ಮನೆಯಲ್ಲಿ ನನಗೆ ಊಟ. ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಹದಿನೇಳರ ಮಗ್ಗಿ ಹೇಳಿ, ಕನ್ನಡ ಶಾಲೆ ಅಂದ್ರೆ ಹೀಗಿರಬೇಕು ಎಂದು ಮೀಸೆ ತಿರುವುತ್ತಿದ್ದರು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅವರ ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಳು.

ಹೋದ ವರ್ಷ ಒಂದು ಜನರೇಟರ್ ಒಂದೇ ಗಂಟೆಗೆ ಕಾದು ಕೆಂಡವಾಯಿತು. ಮರುದಿನ ಟ್ಯಾಂಕರುಗಳನ್ನು ಹಡಗಿಗೆ ಹತ್ತಿಸಲು ನಾನು ಅಬುಧಾಬಿಯ ಬಂದರಿಗೆ ಹೋಗಬೇಕಿತ್ತು. ಇದನ್ನು ಕಳಿಸಬೇಡಿ, ಬಂದು ಬಿಚ್ಚುತ್ತೇನೆ ಎಂದು ಅಣ್ಣನಿಗೆ ಹೇಳಿದೆ.

"ನೀನು ಬರದೆ ಅದು ಗೇಟ್ ದಾಟುದಿಲ್ಲ ಮಾರಾಯಾ. ಯಲ್ಲಾ, ಹೊರಡು" ಎಂದರು.

ಎರಡು ದಿನ ಬಿಟ್ಟು ಬಂದರೆ ಆ ಜಾಗ ಖಾಲಿ. ರೇಡಿಯೇಟರ್ ಬದಲಾಯಿಸಿ ತಾನೇ ಎಂಟು ಗಂಟೆ ಓಡಿಸಿದೆ ಎಂದರು. ನಂಬಿದೆ. ಆ ಮನುಷ್ಯನನ್ನು ನಂಬದೆ ಇರುವುದು ಹೇಗೆಂದೇ ನನಗೆ ಆಗ ಗೊತ್ತಿರಲಿಲ್ಲ.

ಹಡಗು, ಆಮೇಲೆ ಲಾರಿ. ಅದು ಗಣಿ ಮುಟ್ಟಲು ಎರಡು ತಿಂಗಳಾಯಿತು. ಅಲ್ಲಿ ಭೂಮಿಯೊಳಗಿನ ನೀರೆತ್ತುವ ಪಂಪಿಗೆ ಅದನ್ನು ಜೋಡಿಸಿದರು. ಎರಡನೆಯ ದಿನ ಎಂಜಿನ್ ಜಾಮ್ ಆಯಿತು, ನೀರು ಏರಿತು, ಕೆಳಗಿದ್ದ ಕಾರ್ಮಿಕರು ಏಣಿ ಹತ್ತಿ ಬಂದರು. ಯಾರಿಗೂ ಜೀವಾಪಾಯವಾಗಲಿಲ್ಲ. ಜೋಡಿಸುವ ಮೊದಲು ಅಲ್ಲಿಯೂ ಒಮ್ಮೆ ಓಡಿಸಿ ನೋಡಬೇಕೆಂಬ ನಿಯಮವಿದೆ. ಎಲೆಕ್ಟ್ರಿಷಿಯನ್ ಓಡಿಸಿರಲಿಲ್ಲ. ಯಾಕೆ ಓಡಿಸಲಿಲ್ಲ ಎಂದು ಕೇಳಿದವರಿಗೆಲ್ಲ ಅವನು ಒಂದು ಫೋಟೋ ತೋರಿಸಿದನಂತೆ.

ಆ ಫೋಟೋ ನಮ್ಮ ಆಫೀಸಿಗೂ ಬಂತು. ಬಾಗಿಲ ಒಳಗೆ ಬಿಳಿ ಮಾರ್ಕರಿನಲ್ಲಿ ೮.

ನಾನು ಎಡಗೈಯವನು, ನನ್ನ ಎಂಟು ಯಾವಾಗಲೂ ಒಂದು ಬದಿಗೆ ವಾಲುತ್ತದೆ. ಇದು ಕಾಪಿ ಪುಸ್ತಕದ ಅಕ್ಷರದಂತೆ ನೆಟ್ಟಗೆ ನಿಂತಿತ್ತು. ಇದು ನನ್ನದಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಅವರಿಗೆ ಅದು ಅಂಕೆಯೆಂದೇ ಗೊತ್ತಿಲ್ಲ. ಪಕ್ಕದಲ್ಲಿದ್ದ ಅಣ್ಣನನ್ನು ಕೇಳಿದರು. ಅಣ್ಣ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ತನಗೆ ಕನ್ನಡ ಮಾತಾಡಲು ಮಾತ್ರ ಬರುತ್ತದೆ, ಓದು ಬರಹ ಬರುವುದಿಲ್ಲ, ಯಾರ್ಡಿನಲ್ಲಿ ಇಂಥದ್ದನ್ನು ಬರೆಯುವವನು ಇವನೊಬ್ಬನೇ ಎಂದು ಹಿಂದಿಯಲ್ಲಿ ಹೇಳಿದರು. ದನಿ ಸ್ವಲ್ಪವೂ ನಡುಗಲಿಲ್ಲ. ಕಾರಿನಲ್ಲಿ ಹದಿನೇಳರ ಮಗ್ಗಿ ಹೇಳುತ್ತಿದ್ದುದೂ ಅದೇ ದನಿಯಲ್ಲಿ.

ಹೊರಗೆ, ಗೋದಾಮಿನ ನೆರಳಿನಲ್ಲಿ, ಯಾಕಣ್ಣಾ ಎಂದು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ನಿನಗಿನ್ನೂ ವಯಸ್ಸುಂಟು, ಬೇರೆ ಕಡೆ ಕೆಲಸ ಸಿಗ್ತದೆ. ನನಗೆ ಇನ್ನು ಯಾರು ಕೊಡ್ತಾರೆ ಹೇಳು? ಖಲಾಸ್, ಇದನ್ನು ಇಲ್ಲಿಗೇ ಬಿಡು."

ಆ ವಾರ ಊಟಕ್ಕೆ ಕರೆ ಬಂತು. ನಾನು ಹೋಗಲಿಲ್ಲ. ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ಇಲ್ಲ. ನನಗೆ ಒಂದು ವಾರ್ನಿಂಗ್ ಲೆಟರ್ ಸಿಕ್ಕಿತು, ಅಷ್ಟೇ. ಕೆಲಸ ಹೋದದ್ದು ಎಲೆಕ್ಟ್ರಿಷಿಯನ್ನದು.

ಅವನಿಗೆ ನಡೆದದ್ದನ್ನೆಲ್ಲ ಬರೆದೆ. ಆ ಎಂಟು ನನ್ನದಲ್ಲ, ಅದು ವಾಲಿಲ್ಲ ನೋಡು ಎಂದೆ. ನಂಬುತ್ತಾನೋ ಇಲ್ಲವೋ ಎಂಬ ಹೆದರಿಕೆ ನನಗೆ. ಎರಡು ದಿನ ಕಳೆದು ಉತ್ತರ ಬಂತು. ನೆಟ್ಟಗಿದ್ದದ್ದನ್ನು ಅವನು ಜೋಡಿಸುವ ಮೊದಲೇ ಗಮನಿಸಿದ್ದನಂತೆ. ಈ ಸಲ ನನಗೋಸ್ಕರ ನೀನು ಸ್ವಲ್ಪ ಹೆಚ್ಚು ಜಾಗ್ರತೆಯಿಂದ ಬರೆದಿದ್ದೀಯ ಅಂದುಕೊಂಡೆ ಎಂದು ಬರೆದಿದ್ದ.